ತೂಕದ ಅಂಕಿ ಗಣಕಯಂತ್ರಕ್ಕೆ ನೇರವಾಗಿ ತಲುಪುವ ಬಗೆ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ ಮತ್ತು ಎಚ್.ಡಿ.ಕೋಟೆ ತಾಲ್ಲೂಕುಗಳ ವರ್ಜೀನಿಯಾ ತಂಬಾಕು ಬೆಳೆಗಾರರ ವರ್ಷದ ದುಡಿಮೆ ಹರಾಜು ಮಾರುಕಟ್ಟೆಯಲ್ಲಿ ಎರಡು ಅಂಕಿಗಳ ಮೇಲೆ ನಿಂತಿರುತ್ತದೆ: ಬೇಲ್‌ನ ತೂಕ ಹಾಗೂ ಕಿಲೋ ದರ. ತೂಕವನ್ನು ಕೈಯಿಂದ ನಮೂದಿಸುವಾಗ 120ರ ಬದಲು 102 ಎಂದಾದರೆ ನಷ್ಟ 18 ಕಿಲೋ. ತೂಕದ ಯಂತ್ರವೇ ಗಣಕಯಂತ್ರಕ್ಕೆ ಅಂಕಿ ಕಳುಹಿಸಿದರೆ ಈ ಆತಂಕವಿರದು.

ಅದಕ್ಕೊಂದು ಸುಲಭ ಮಾರ್ಗ 1996ರಲ್ಲಿ ಬಂದ ಯುಎಸ್‌ಬಿ. ಅದರ ನಿಯಮಗಳು ಕಟ್ಟುನಿಟ್ಟು. ಗಣಕಯಂತ್ರ ಕೇಳಿದಾಗಲಷ್ಟೇ ಸಾಧನ ಉತ್ತರಿಸಬೇಕು. ಸತತವಾಗಿ ಆರು ‘1’ ಬಂದರೆ ಬಳಿಕ ಒಂದು ‘0’ ಸೇರಿಸಬೇಕು. ಪ್ರತಿ ದತ್ತಾಂಶ ಕಂತೆಯ ಕೊನೆಯಲ್ಲಿ 16 ಬಿಟ್‌ಗಳ ತಾಳೆ ಸಂಖ್ಯೆ ಇರಬೇಕು. ತಾಳೆಯಾಗದ ಕಂತೆ ತಿರಸ್ಕೃತವಾಗುತ್ತದೆ.

ಇದೆಲ್ಲವನ್ನೂ ಎಫ್‌ಪಿಜಿಎ ಎಂಬ ಚಿಪ್‌ನಲ್ಲಿ ಅಳವಡಿಸಬಹುದು. ತಯಾರಾದ ನಂತರವೂ ಅದರೊಳಗಿನ ತರ್ಕ ಮಂಡಲವನ್ನು ಬೇಕಾದಂತೆ ಬದಲಿಸಲು ಸಾಧ್ಯ. ವೆರಿಲಾಗ್ ಭಾಷೆಯಲ್ಲಿ ಯುಎಸ್‌ಬಿ ಭಾಗವನ್ನು ಒಮ್ಮೆ ಬರೆದು ಪರೀಕ್ಷಿಸಿದರೆ ತಕ್ಕಡಿಗೂ, ತೇವಾಂಶ ಮಾಪಕಕ್ಕೂ, ಹಾಲಿನ ಕೊಬ್ಬು ಅಳೆಯುವ ಯಂತ್ರಕ್ಕೂ ಅದನ್ನೇ ಬಳಸಬಹುದು. ಸಾಧನವು ತನ್ನ ಪರಿಚಯ ಹೇಳಿಕೊಳ್ಳುವ ವಿವರಪಟ್ಟಿ ಮತ್ತು ಅಳತೆಯನ್ನು ಓದುವ ಭಾಗ ಮಾತ್ರ ಬದಲಾಗುತ್ತವೆ.

ಒಂದೇ ತಕ್ಕಡಿಗಾದರೆ ಸಿದ್ಧ ಪರಿವರ್ತಕ ಚಿಪ್ ಅಗ್ಗ. ಯಂತ್ರದಲ್ಲಿ ಎಫ್‌ಪಿಜಿಎ ಮೊದಲೇ ಇದ್ದರೆ ಮಾತ್ರ ಈ ವಿಧಾನದಲ್ಲಿ ಉಳಿತಾಯ. ಇನ್ನೊಂದು ಎಚ್ಚರಿಕೆಯೂ ಅಗತ್ಯ. ತಕ್ಕಡಿಯೇ ತಪ್ಪು ತೂಗಿದರೆ ಯುಎಸ್‌ಬಿ ಆ ತಪ್ಪನ್ನೇ ನಿಷ್ಠೆಯಿಂದ ರವಾನಿಸುತ್ತದೆ. ಆದ್ದರಿಂದ ತಕ್ಕಡಿಯ ಮೇಲೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಇದೆಯೇ ಎಂಬುದನ್ನು ಬೆಳೆಗಾರರು ನೋಡಿಕೊಳ್ಳಲೇಬೇಕು.