ಕನಸಿಗೆ ಅರ್ಥ ಹೇಳುವವರು ಯಾರು?

ಮಾರ್ಚ್ ತಿಂಗಳು ಹತ್ತಿರ ಬಂತೆಂದರೆ ವಿದ್ಯಾರ್ಥಿಗಳಿರುವ ಮನೆಗಳಲ್ಲಿ ಒಂದು ವಿಚಿತ್ರ ಸಂಗತಿ ನಡೆಯುತ್ತದೆ. ಹಗಲೆಲ್ಲ ಓದಿದ ಹುಡುಗಿ ರಾತ್ರಿ ಬೆಚ್ಚಿಬಿದ್ದು ಏಳುತ್ತಾಳೆ. ಪರೀಕ್ಷೆಯ ಕೋಣೆಗೆ ತಡವಾಗಿ ಹೋದಂತೆ, ಪ್ರಶ್ನೆಪತ್ರಿಕೆ ಕೈಗೆ ಬಂದಾಗ ಒಂದಕ್ಷರವೂ ಓದಲಾಗದಂತೆ, ಪೆನ್ನಿನಲ್ಲಿ ಶಾಯಿಯೇ ಇಲ್ಲದಂತೆ ಕನಸು. ಬೆಳಗಿನ ಜಾವದ ಕನಸು ನಿಜವಾಗುತ್ತದೆ ಎಂದು ಅಜ್ಜಿ ಹೇಳಿದ್ದು ನೆನಪಾಗಿ ಎದೆ ಇನ್ನಷ್ಟು ಹೊಡೆದುಕೊಳ್ಳುತ್ತದೆ. "ಅವ್ವಾ, ಕೆಟ್ಟ ಕನಸ ಬಿದ್ದದ. ನಾ ಫೇಲ್ ಆಗ್ತೀನೇನು?" ಎಂದು ಕೇಳಿದರೆ ಅವ್ವ ಏನು ಹೇಳಬೇಕು?

ಅವ್ವನ ಪಾಡೂ ಅಷ್ಟೇ. ಔರಾದ್ ತಾಲ್ಲೂಕಿನ ಹಳ್ಳಿಯಲ್ಲೋ ಭಾಲ್ಕಿಯಲ್ಲೋ ಇರುವ ಆಕೆಯ ಮಗ ಬೀದರ್ ನಗರದ ಹಾಸ್ಟೆಲಿನಲ್ಲಿದ್ದು ಓದುತ್ತಿರುತ್ತಾನೆ. ಹಲ್ಲು ಬಿದ್ದಂತೆ ಆಕೆಗೆ ಕನಸಾಗುತ್ತದೆ. ಹಲ್ಲು ಬಿದ್ದರೆ ಮನೆಯವರಿಗೆ ಕೇಡು ಎಂದು ಯಾರೋ ಹೇಳುತ್ತಾರೆ. ಅವಳಿಗೆ ಮಧ್ಯಾಹ್ನದ ರೊಟ್ಟಿ ಗಂಟಲಿಗಿಳಿಯುವುದಿಲ್ಲ. ಹಿಂದೂ, ಮುಸ್ಲಿಂ, ಕ್ರೈಸ್ತ ಎನ್ನದೆ ಎಲ್ಲ ಮನೆಗಳಲ್ಲೂ ಈ ಅಂಜಿಕೆ ಉಂಟು. ಭಾನುವಾರದ ಆರಾಧನೆ ಮುಗಿದ ಮೇಲೆ ಪಾಸ್ಟರರ ಮುಂದೆ ನಿಂತು ಕನಸಿನ ಅರ್ಥ ಕೇಳುವವರೂ ಇದ್ದಾರೆ. ಹಾಗಾದರೆ ಕನಸುಗಳ ಬಗ್ಗೆ ಕ್ರೈಸ್ತ ಧರ್ಮ ನಿಜವಾಗಿ ಏನು ಹೇಳುತ್ತದೆ?

ಕನಸುಗಳ ನಾಡು

ಬೀದರ್ ಜಿಲ್ಲೆಯಲ್ಲಿ ಕನಸಿಗೆ ಹೆಸರುಗಳೇ ಹಲವು. ಕನ್ನಡಿಗರಿಗೆ ಅದು ಕನಸು, ಮರಾಠಿ ಮಾತಾಡುವವರಿಗೆ ಸ್ವಪ್ನ, ಉರ್ದು ಮಾತಾಡುವವರಿಗೆ ಖ್ವಾಬ್. ಕನಸಿನ ಅರ್ಥ ಹೇಳುವುದಕ್ಕೆ ಉರ್ದುವಿನಲ್ಲಿ 'ತಾಬೀರ್' ಎಂಬ ಪ್ರತ್ಯೇಕ ಪದವೇ ಇದೆ. ಅಕ್ಕಮಹಾದೇವಿಯ ವಚನಗಳಲ್ಲೂ ಕನಸು ಬರುತ್ತದೆ. 19ನೇ ಶತಮಾನದ ಕೊನೆಯ ಭಾಗದಲ್ಲಿ, ಬೀದರ್ ನಿಜಾಮರ ಆಡಳಿತದಲ್ಲಿದ್ದಾಗ ಮೆಥೋಡಿಸ್ಟ್ ಮಿಷನರಿಗಳು ಇಲ್ಲಿಗೆ ಬಂದರು. ಅವರ ಶಾಲೆ, ಆಸ್ಪತ್ರೆಗಳ ಜೊತೆಗೆ ಬೈಬಲಿನ ಕಥೆಗಳೂ ಹಳ್ಳಿಗಳನ್ನು ತಲುಪಿದವು. ಅವುಗಳಲ್ಲಿ ಕನಸುಗಾರ ಯೋಸೇಫನ ಕಥೆ ಇಲ್ಲಿನ ಮುಸಲ್ಮಾನರಿಗೆ ಹೊಸದೇನಾಗಿರಲಿಲ್ಲ. ಯೂಸುಫ್ ಎಂಬ ಹೆಸರಿನಲ್ಲಿ ಅದೇ ಕಥೆ ಕುರ್‌ಆನಿನಲ್ಲೂ ಇದೆ. ಆದ್ದರಿಂದ ಕನಸಿನ ಮಾತು ತೆಗೆದರೆ ಇಲ್ಲಿ ನೆರೆಹೊರೆಯವರಿಗೆಲ್ಲ ಪರಿಚಯವಿರುವ ಹುಡುಗನಿಂದಲೇ ಆರಂಭಿಸುವುದು ಒಳ್ಳೆಯದು.

ಹದಿಮೂರು ವರ್ಷ ಕಾದ ಕನಸು

ಆದಿಕಾಂಡದ ಪ್ರಕಾರ ಯೋಸೇಫನಿಗೆ ಆಗ 17 ವರ್ಷ. ಇಂದಿನ ಲೆಕ್ಕದಲ್ಲಿ ಪಿಯುಸಿ ಓದುವ ವಯಸ್ಸು. ಹೊಲದಲ್ಲಿ ಅಣ್ಣಂದಿರ ಸಿವುಡುಗಳು ತನ್ನ ಸಿವುಡಿಗೆ ಅಡ್ಡಬಿದ್ದಂತೆ ಅವನು ಕನಸು ಕಂಡ. ಇನ್ನೊಮ್ಮೆ ಸೂರ್ಯ, ಚಂದ್ರ, ಹನ್ನೊಂದು ನಕ್ಷತ್ರಗಳು ತನಗೆ ನಮಸ್ಕರಿಸಿದಂತೆ ಕಂಡ. ಎರಡನ್ನೂ ಮನೆಯವರಿಗೆಲ್ಲ ಹೇಳಿದ. ಅಣ್ಣಂದಿರು ಹಗೆ ಸಾಧಿಸಿದರು. ಕೊನೆಗೆ 20 ಬೆಳ್ಳಿ ನಾಣ್ಯಗಳಿಗೆ ತಮ್ಮನನ್ನು ಮಾರಿಬಿಟ್ಟರು.

ಇಲ್ಲಿ ತಂದೆ ಯಾಕೋಬನ ನಡತೆಯನ್ನು ಪಾಲಕರು ಗಮನಿಸಬೇಕು. ಅವನು ಮಗನನ್ನು ಗದರಿಸಿದ. ಆದರೆ ಆ ಮಾತನ್ನು ಮರೆಯದೆ ಮನಸ್ಸಿನಲ್ಲಿ ಇಟ್ಟುಕೊಂಡ. ಮಗನ ಕನಸಿಗೆ ಹಿಗ್ಗಿ ಊರೆಲ್ಲ ಸಾರಲಿಲ್ಲ, ಹುಚ್ಚು ಎಂದು ತಳ್ಳಿಹಾಕಲೂ ಇಲ್ಲ.

ಯೋಸೇಫನು ಫರೋಹನ ಮುಂದೆ ನಿಂತಾಗ ಅವನಿಗೆ 30 ವರ್ಷ. ನಡುವಿನ ಹದಿಮೂರು ವರ್ಷಗಳಲ್ಲಿ ಅವನು ಪೊತೀಫರನ ಮನೆಯಲ್ಲಿ ಆಳಾದ, ಮಾಡದ ತಪ್ಪಿಗೆ ಸೆರೆಮನೆ ಸೇರಿದ. ಎಲ್ಲಿದ್ದರೂ ಒಪ್ಪಿಸಿದ ಕೆಲಸವನ್ನು ಪ್ರಾಮಾಣಿಕವಾಗಿ ಮಾಡಿದ. ಸೆರೆಮನೆಯಲ್ಲಿ ಪಾನದಾಯಕ ಮತ್ತು ಭಕ್ಷ್ಯಕಾರರ ಕನಸುಗಳಿಗೆ ಅರ್ಥ ಹೇಳುವ ಮೊದಲು, ಅರ್ಥ ತಿಳಿಸುವುದು ದೇವರಿಗೆ ಸೇರಿದ ಕೆಲಸವೆಂದು ಸ್ಪಷ್ಟಪಡಿಸಿದ. ಶುಲ್ಕ ಕೇಳಲಿಲ್ಲ. ಸೆರೆಯಿಂದ ಬಿಡುಗಡೆಯಾದ ಮೇಲೆ ತನ್ನನ್ನು ನೆನಪಿಸಿಕೊಳ್ಳಬೇಕೆಂದು ಪಾನದಾಯಕನನ್ನು ಬೇಡಿದ, ಅಷ್ಟೇ. ಅವನೂ ಮರೆತುಬಿಟ್ಟ.

ಫರೋಹನ ಕನಸಿನಲ್ಲಿ ಏಳು ಕೊಬ್ಬಿದ ಹಸುಗಳನ್ನು ಏಳು ಬಡಕಲು ಹಸುಗಳು ನುಂಗಿದವು. ಯೋಸೇಫ ಅರ್ಥ ಹೇಳಿ ಸುಮ್ಮನಾಗಲಿಲ್ಲ. ಸುಭಿಕ್ಷದ ಏಳು ವರ್ಷ ಬೆಳೆಯ ಐದನೇ ಒಂದು ಪಾಲನ್ನು ಕೂಡಿಡಬೇಕೆಂದು ಯೋಜನೆ ಕೊಟ್ಟ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹಗೇವಿನಲ್ಲಿ ಜೋಳ ತುಂಬಿಡುತ್ತಿದ್ದ ಹಿರಿಯರಿಗೆ, 1972ರ ಬರ ಕಂಡವರಿಗೆ ಈ ಮಾತಿನ ಬೆಲೆ ಯಾರೂ ವಿವರಿಸಬೇಕಿಲ್ಲ. ಕನಸು ಎಚ್ಚರಿಸಿತು ನಿಜ, ಆದರೆ ಜನರನ್ನು ಬದುಕಿಸಿದ್ದು ಕಣಜದಲ್ಲಿದ್ದ ಕಾಳು.

ವಿದ್ಯಾರ್ಥಿ ದಾನಿಯೇಲ

ಬೈಬಲಿನ ಇನ್ನೊಬ್ಬ ಕನಸುಬಲ್ಲವನು ದಾನಿಯೇಲ. ಅವನು ಮೊದಲಿಗೆ ಒಬ್ಬ ವಿದ್ಯಾರ್ಥಿ ಎಂಬುದನ್ನು ನಾವು ಮರೆಯುತ್ತೇವೆ. ಯೆರೂಸಲೇಮಿನಿಂದ ಬಾಬಿಲೋನಿಗೆ ಸೆರೆಯಾಗಿ ಹೋದ ಆ ಯುವಕನಿಗೆ ಪರದೇಶದ ಭಾಷೆ, ಸಾಹಿತ್ಯಗಳಲ್ಲಿ ಮೂರು ವರ್ಷದ ಶಿಕ್ಷಣ ಗೊತ್ತುಪಡಿಸಲಾಗಿತ್ತು. ಮನೆಯಲ್ಲಿ ಒಂದು ಭಾಷೆ, ಬಜಾರಿನಲ್ಲಿ ಇನ್ನೊಂದು, ಪುಸ್ತಕದಲ್ಲಿ ಮತ್ತೊಂದು ಎಂದು ತಡವರಿಸುವ ಗಡಿ ತಾಲ್ಲೂಕಿನ ಮಕ್ಕಳಿಗೆ ಅವನ ಕಷ್ಟ ಚೆನ್ನಾಗಿ ಅರ್ಥವಾಗುತ್ತದೆ.

ಅರಸ ನೆಬೂಕದ್ನೆಚ್ಚರ ಒಂದು ಕನಸು ಕಂಡು ಕಳವಳಗೊಂಡ. ಅರ್ಥವನ್ನಷ್ಟೇ ಅಲ್ಲ, ಕನಸನ್ನೂ ನೀವೇ ಹೇಳಬೇಕೆಂದು ಪಂಡಿತರಿಗೆ ಆಜ್ಞೆ ಮಾಡಿದ. ಹೇಳದಿದ್ದರೆ ಮರಣದಂಡನೆ. ದಾನಿಯೇಲ ಗಾಬರಿಗೊಳ್ಳದೆ ಕಾಲಾವಕಾಶ ಕೇಳಿದ, ಮೂವರು ಗೆಳೆಯರಿಗೆ ವಿಷಯ ತಿಳಿಸಿದ, ಎಲ್ಲರೂ ಪ್ರಾರ್ಥಿಸಿದರು. ಚಿನ್ನದ ತಲೆ, ಬೆಳ್ಳಿಯ ಎದೆ, ಕಂಚಿನ ಹೊಟ್ಟೆ, ಕಬ್ಬಿಣದ ಕಾಲು, ಕಬ್ಬಿಣ ಮತ್ತು ಮಣ್ಣು ಬೆರೆತ ಪಾದಗಳ ಪ್ರತಿಮೆಯ ಅರ್ಥ ಹೇಳುವಾಗ, ಇದು ತನ್ನ ಜಾಣತನವಲ್ಲ ಎಂದು ಅರಸನ ಮುಂದೆಯೇ ಒಪ್ಪಿಕೊಂಡ. ಕನಸಿನ ಅರ್ಥ ಹೇಳುವವರ ವಿನಯಕ್ಕೆ ಇದಕ್ಕಿಂತ ಒಳ್ಳೆಯ ಅಳತೆಗೋಲು ಬೇಕೆ?

ಎಚ್ಚರಿಕೆಯ ಮಾತುಗಳು

ಹೊಸ ಒಡಂಬಡಿಕೆಯ ಮತ್ತಾಯನ ಸುವಾರ್ತೆಯಲ್ಲಿ ಮರಿಯಳ ಗಂಡ ಯೋಸೇಫನಿಗೆ ನಾಲ್ಕು ಸಲ ಕನಸಿನಲ್ಲಿ ಸೂಚನೆ ಸಿಕ್ಕಿತು. ಮರಿಯಳನ್ನು ಕೈಬಿಡಬೇಡ, ಮಗುವನ್ನು ಕರೆದುಕೊಂಡು ಐಗುಪ್ತಕ್ಕೆ ಓಡು, ಹಿಂತಿರುಗು, ಗಲಿಲಾಯಕ್ಕೆ ಹೋಗು. ನಾಲ್ಕರಲ್ಲಿ ಒಂದೂ ಅವನಿಗೆ ಪದವಿಯನ್ನಾಗಲಿ ಹಣವನ್ನಾಗಲಿ ತೋರಿಸಲಿಲ್ಲ. ಪ್ರತಿಯೊಂದೂ ದುರ್ಬಲರನ್ನು ಕಾಪಾಡುವ ಹೊಣೆಯನ್ನೇ ಹೊರಿಸಿತು.

ಆದರೆ ಅದೇ ಬೈಬಲ್ ಕನಸಿನ ಬಗ್ಗೆ ಕಟುವಾಗಿಯೂ ಮಾತಾಡುತ್ತದೆ. ಕೆಲಸದ ಒತ್ತಡ ಹೆಚ್ಚಾದರೆ ಕನಸೂ ಬೀಳುತ್ತದೆ ಎಂಬ ಅರ್ಥದ ಮಾತು ಪ್ರಸಂಗಿಯ ಐದನೇ ಅಧ್ಯಾಯದಲ್ಲಿದೆ. ಕನಸು ಕಂಡೆ, ಕನಸು ಕಂಡೆ ಎಂದು ಸಾರುತ್ತ ಜನರನ್ನು ದಾರಿತಪ್ಪಿಸುವ ಸುಳ್ಳು ಪ್ರವಾದಿಗಳನ್ನು ಯೆರೆಮೀಯ ಖಂಡಿಸುತ್ತಾನೆ. ಕನಸುಗಾರ ಹೇಳಿದ ಗುರುತು ನಿಜವಾದರೂ, ಅವನು ದೇವರಿಂದ ದೂರ ಎಳೆದರೆ ಕಿವಿಗೊಡಬಾರದೆಂದು ಧರ್ಮೋಪದೇಶಕಾಂಡ ಎಚ್ಚರಿಸುತ್ತದೆ.

ಇನ್ನೊಂದು ಸಂಗತಿ ಗಮನಾರ್ಹ. ಹಾವು ಕಂಡರೆ ಇದು, ಹಲ್ಲು ಬಿದ್ದರೆ ಅದು ಎಂಬ ಪಟ್ಟಿ ಬೈಬಲಿನಲ್ಲಿ ಎಲ್ಲಿಯೂ ಇಲ್ಲ. ಯೋಸೇಫ ಹೇಳಿದ ಅರ್ಥಗಳಲ್ಲಿ ಬಳ್ಳಿಯ ಮೂರು ಕೊಂಬೆಗಳೂ ಮೂರು ಬುಟ್ಟಿಗಳೂ ಮೂರು ದಿನಗಳನ್ನೇ ಸೂಚಿಸಿದವು. ಒಬ್ಬನಿಗೆ ಅದು ಬಿಡುಗಡೆ, ಇನ್ನೊಬ್ಬನಿಗೆ ಮರಣ. ಒಂದೇ ಸಂಖ್ಯೆಗೆ ಎರಡು ಫಲ! ಹಾಗಿರುವಾಗ ಎಲ್ಲರ ಕನಸಿಗೂ ಒಂದೇ ಕೈಪಿಡಿ ಹೇಗೆ ಹೊಂದೀತು?

ತಾಯಿಯ ಕನಸು, ಪಂಡಿತನ ಕನಸು

ಬೈಬಲಿನ ನಂತರದ ಕಾಲದ ಎರಡು ಕನಸುಗಳು ಕ್ರೈಸ್ತ ಇತಿಹಾಸದಲ್ಲಿ ಪ್ರಸಿದ್ಧವಾಗಿವೆ. ಒಂದು ತಾಯಿಯದು. ಇಂದಿನ ಅಲ್ಜೀರಿಯಾದಲ್ಲಿರುವ ಊರಿನಲ್ಲಿ 354ರಲ್ಲಿ ಹುಟ್ಟಿದ ಅಗಸ್ಟೀನ್ ಓದಿನಲ್ಲಿ ಬಹಳ ಚುರುಕು. ಆದರೆ ತಾಯಿ ಮೋನಿಕಾಳ ನಂಬಿಕೆಯನ್ನು ಬಿಟ್ಟು ಬೇರೆ ದಾರಿ ಹಿಡಿದ. ನೊಂದ ತಾಯಿ ಮಗನನ್ನು ತನ್ನ ಊಟದ ಪಂಕ್ತಿಯಿಂದಲೇ ದೂರವಿಟ್ಟಳು. ಆಗ ಅವಳಿಗೊಂದು ಕನಸು. ಅವಳು ಮರದ ಅಳತೆಪಟ್ಟಿಯೊಂದರ ಮೇಲೆ ಅಳುತ್ತ ನಿಂತಿದ್ದಾಳೆ. ನಗುಮುಖದ ಯುವಕನೊಬ್ಬ ಬಂದು, ನೀನಿರುವಲ್ಲಿಯೇ ನಿನ್ನ ಮಗನೂ ಇದ್ದಾನೆ ನೋಡು ಎನ್ನುತ್ತಾನೆ. ತಿರುಗಿ ನೋಡಿದರೆ ಮಗ ಪಕ್ಕದಲ್ಲೇ ನಿಂತಿದ್ದಾನೆ.

ಮಗನಿಗೆ ಹೇಳಿದಾಗ, ನೀನೇ ನನ್ನ ದಾರಿಗೆ ಬರುತ್ತೀ ಎಂದು ಅವನು ಅರ್ಥವನ್ನು ತಿರುಚಿದ. ಅವನಿರುವಲ್ಲಿ ನಾನು ಎಂದಲ್ಲ, ನಾನಿರುವಲ್ಲಿ ಅವನು ಎಂದೇ ಕನಸಿನಲ್ಲಿ ಕೇಳಿದ್ದು ಎಂದು ತಾಯಿ ಥಟ್ಟನೆ ಉತ್ತರಿಸಿದಳು. ಆದರೆ ಅವಳು ಮಾಡಿದ ಮೊದಲ ಕೆಲಸವೆಂದರೆ ಮಗನನ್ನು ಮತ್ತೆ ಮನೆಗೆ, ಊಟದ ಪಂಕ್ತಿಗೆ ಸೇರಿಸಿಕೊಂಡದ್ದು. ಕನಸು ನಿಜವಾಗಲು ಮತ್ತೆ ಸುಮಾರು ಒಂಬತ್ತು ವರ್ಷ ಬೇಕಾಯಿತು. 387ರಲ್ಲಿ ಮಿಲಾನ್ ನಗರದಲ್ಲಿ ಅಗಸ್ಟೀನ್ ದೀಕ್ಷಾಸ್ನಾನ ಪಡೆದ. ತಾಯಿಯ ಕನಸು ಮಗನನ್ನು ಕಟ್ಟಿಹಾಕಲಿಲ್ಲ, ತಾಯಿಯ ಮನೆಯ ಬಾಗಿಲನ್ನು ತೆರೆಸಿತು.

ಇನ್ನೊಂದು ಕನಸು ಬೈಬಲನ್ನು ಲ್ಯಾಟಿನ್ ಭಾಷೆಗೆ ತಂದ ವಿದ್ವಾಂಸ ಜೆರೋಮನದು. ಜ್ವರದಲ್ಲಿ ಮಲಗಿದ್ದಾಗ ನ್ಯಾಯಾಸನದ ಮುಂದೆ ನಿಂತಂತೆ ಅವನಿಗೆ ಕನಸಾಯಿತು. ತಾನು ಕ್ರೈಸ್ತನೆಂದು ಹೇಳಿದಾಗ, ಅಲ್ಲ, ನೀನು ರೋಮಿನ ಲೇಖಕ ಸಿಸೆರೊನ ಹಿಂಬಾಲಕ ಎಂಬ ತೀರ್ಪು ಬಂತು. ಇನ್ನು ಅಂಥ ಪುಸ್ತಕಗಳನ್ನು ಮುಟ್ಟುವುದಿಲ್ಲವೆಂದು ಅವನು ಕನಸಿನಲ್ಲೇ ಆಣೆ ಮಾಡಿದ. ಆದರೆ ಮುಂದೆ ರುಫಿನಸ್ ಎಂಬ ಹಳೆಯ ಗೆಳೆಯ ಆ ಆಣೆಯನ್ನು ಎತ್ತಿ ಹಂಗಿಸಿದಾಗ, ಕನಸಿನ ಮಾತಿಗೆ ಹೀಗೆ ಕಟ್ಟುಹಾಕುವುದು ಸರಿಯಲ್ಲವೆಂದು ಅವನೇ ವಾದಿಸಿದ. ಧರ್ಮಪಂಡಿತರೂ ಕನಸನ್ನು ಕಣ್ಣುಮುಚ್ಚಿ ಒಪ್ಪಲಿಲ್ಲ ಎಂಬುದಕ್ಕೆ ಇದೊಂದು ಉದಾಹರಣೆ.

ವಿಜ್ಞಾನ ಹೇಳುವುದೇನು?

1953ರಲ್ಲಿ ಅಮೆರಿಕದ ಷಿಕಾಗೊ ವಿಶ್ವವಿದ್ಯಾಲಯದ ಅಸೆರಿನ್‌ಸ್ಕಿ ಮತ್ತು ಕ್ಲೈಟ್‌ಮನ್ ಎಂಬ ಸಂಶೋಧಕರು, ನಿದ್ರೆಯ ಒಂದು ಹಂತದಲ್ಲಿ ಮುಚ್ಚಿದ ರೆಪ್ಪೆಯೊಳಗೆ ಕಣ್ಣು ವೇಗವಾಗಿ ಚಲಿಸುತ್ತದೆಂದು ಪ್ರಕಟಿಸಿದರು. ಆ ಹೊತ್ತಿಗೆ ಎಬ್ಬಿಸಿದರೆ ಬಹುತೇಕರು ಕನಸು ಕಾಣುತ್ತಿದ್ದೆವೆಂದು ಹೇಳುತ್ತಾರೆ. ಸುಮಾರು 90 ನಿಮಿಷಕ್ಕೊಮ್ಮೆ ಈ ಹಂತ ಮರಳಿ ಬರುತ್ತದೆ, ಬೆಳಗಾಗುತ್ತಿದ್ದಂತೆ ಇನ್ನಷ್ಟು ದೀರ್ಘವಾಗುತ್ತದೆ. ಬೆಳಗಿನ ಜಾವದ ಕನಸು ಚೆನ್ನಾಗಿ ನೆನಪಿರುವುದು ಇದೇ ಕಾರಣಕ್ಕೆ. ಅದು ನಿಜವಾಗುತ್ತದೆ ಎಂಬುದಕ್ಕೆ ಇದು ಆಧಾರವಲ್ಲ.

ಹಗಲು ಓದಿದ್ದು ನೆನಪಿನಲ್ಲಿ ಗಟ್ಟಿಯಾಗಲು ನಿದ್ರೆ ಬೇಕು. ಹದಿಹರೆಯದವರಿಗೆ ದಿನಕ್ಕೆ 8ರಿಂದ 10 ಗಂಟೆ ನಿದ್ರೆ ಬೇಕೆಂದು ತಜ್ಞರು ಹೇಳುತ್ತಾರೆ. ಪರೀಕ್ಷೆಯ ಭಯದ ಕನಸು ಫಲಿತಾಂಶದ ಮುನ್ಸೂಚನೆಯಲ್ಲ, ಮನಸ್ಸಿನ ಮೇಲೆ ಎಷ್ಟು ಭಾರ ಬಿದ್ದಿದೆ ಎಂಬುದರ ಲೆಕ್ಕ. ಪ್ರಸಂಗಿಯ ಮಾತಿಗೂ ಪ್ರಯೋಗಶಾಲೆಯ ಮಾತಿಗೂ ಇಲ್ಲಿ ಜಗಳವಿಲ್ಲ.

ಮನೆಯಲ್ಲಿ ಮಾಡಬೇಕಾದದ್ದು

ಮಗು ಕನಸು ಹೇಳಿಕೊಂಡಾಗ ನಗಬೇಡಿ, ಹೆದರಿಸಲೂ ಬೇಡಿ. ಪೂರ್ತಿ ಕೇಳಿ. 'ಯಾವ ವಿಷಯ ಕಠಿಣ ಆಗ್ಯದ?' ಎಂದು ವಿಚಾರಿಸಿ. ಕನಸಿನ ಹೆಸರಿನಲ್ಲಿ ಹಣ ಕೇಳುವವರು, ಅಂಜಿಕೆ ಹುಟ್ಟಿಸುವವರು, ನಿಮ್ಮ ಮಗ ಇಂಥದ್ದನ್ನೇ ಓದಬೇಕೆಂದು ತನಗೆ ದರ್ಶನವಾಗಿದೆ ಎನ್ನುವವರು ಯಾವ ಧರ್ಮದವರೇ ಆಗಲಿ, ಅವರನ್ನು ಯೋಸೇಫ, ದಾನಿಯೇಲರ ಪಕ್ಕದಲ್ಲಿ ನಿಲ್ಲಿಸಿ ನೋಡಿ. ವ್ಯತ್ಯಾಸ ತಾನಾಗಿ ತಿಳಿಯುತ್ತದೆ. ಡಾಕ್ಟರಾಗಬೇಕೆಂಬ ಕನಸು ಮಗನದೋ ತಮ್ಮದೋ ಎಂದು ಪಾಲಕರು ತಮ್ಮನ್ನೂ ಒಮ್ಮೆ ಕೇಳಿಕೊಳ್ಳಬೇಕು.

ಕೆಟ್ಟ ಕನಸುಗಳು ವಾರಗಟ್ಟಲೆ ಕಾಡಿದರೆ, ಮಗು ಊಟ, ನಿದ್ರೆ, ಓದು ಬಿಟ್ಟರೆ, ಬದುಕು ಬೇಡವೆಂಬ ಮಾತಾಡಿದರೆ ತಡಮಾಡದೆ ವೈದ್ಯರಲ್ಲಿಗೆ ಹೋಗಿ. ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಪ್ರಾರ್ಥನೆ ಮಾಡುವವರು ಮಾಡಲಿ. ಪ್ರಾರ್ಥನೆಗೂ ಔಷಧಿಗೂ ವಿರೋಧವಿಲ್ಲವೆಂಬುದಕ್ಕೆ ಮಿಷನರಿಗಳು ಬೀದರಿನಲ್ಲಿ ಕಟ್ಟಿದ ಆಸ್ಪತ್ರೆಯೇ ಸಾಕ್ಷಿ.

ಕೊನೆಯದಾಗಿ ಇನ್ನೊಂದು ಕನಸು. ಗಿಬ್ಯೋನಿನಲ್ಲಿ ಮಲಗಿದ್ದ ಯುವ ಅರಸ ಸೊಲೊಮೋನನಿಗೆ ದೇವರು ಕಾಣಿಸಿಕೊಂಡು, ಏನು ಬೇಕೆಂದು ಕೇಳಿದ. ಅವನು ದೀರ್ಘಾಯುಷ್ಯ, ಐಶ್ವರ್ಯ, ಶತ್ರುಗಳ ಸಾವು ಯಾವುದನ್ನೂ ಕೇಳಲಿಲ್ಲ. ಒಳಿತು ಕೆಡುಕುಗಳನ್ನು ಬೇರ್ಪಡಿಸುವ ವಿವೇಕ ಬೇಡಿದ. ಎಚ್ಚರವಾದಾಗ ಅದು ಕನಸೆಂದು ತಿಳಿಯಿತು. ಅವನು ಯೆರೂಸಲೇಮಿಗೆ ಮರಳಿದ. ಬೈಬಲಿನಲ್ಲಿ ಇದರ ನಂತರವೇ ಬರುವುದು ಒಂದು ಮಗುವಿಗಾಗಿ ಕಾದಾಡುತ್ತ ಅವನ ಮುಂದೆ ಬಂದ ಇಬ್ಬರು ತಾಯಂದಿರ ಕಥೆ. ಕನಸಿನಲ್ಲಿ ಬೇಡಿದ ವಿವೇಕಕ್ಕೆ ಪರೀಕ್ಷೆ ನಡೆದದ್ದು ಹಗಲಿನಲ್ಲಿ.

ಫೇಲಾಗುತ್ತೇನೆಯೇ ಎಂದು ಕೇಳಿದ ಹುಡುಗಿಗೆ ಅವ್ವ ಹೇಳಬೇಕಾದ ಉತ್ತರವೂ ಇಲ್ಲಿಯೇ ಇದೆ. "ಕನಸ ಮುಗೀತು, ಮುಖ ತೊಳಕೋ. ನಿನ್ನೆ ಬಿಟ್ಟಲ್ಲಿಂದ ಓದು. ನಾ ಇಲ್ಲೇ ಕುಂತಿರ್ತೀನಿ."