ಕುದಿಯದ ಕಲಗಚ್ಚು

ದನ ಕಟ್ಟಿದ ಮನೆಗಳಲ್ಲಿ ಕಲಗಚ್ಚಿನ ಬಾನಿ ಇದ್ದೇ ಇರುತ್ತಿತ್ತು. ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ, ಮಿಕ್ಕ ಅನ್ನ ಎಲ್ಲ ಅದಕ್ಕೆ. ಹಂದಿ ಸಾಕುವವರ ಬಾನಿ ಇನ್ನೂ ದೊಡ್ಡದು. ಹೋಟೆಲು, ಹಾಸ್ಟೆಲು, ಕಲ್ಯಾಣ ಮಂಟಪಗಳಲ್ಲಿ ಮಿಕ್ಕದ್ದು ಡ್ರಮ್ಮುಗಟ್ಟಲೆ ಬರುತ್ತದೆ. ಹಂದಿಗೆ ಹಸುವಿನಂತೆ ನಾಲ್ಕು ಕೋಣೆಯ ಹೊಟ್ಟೆಯಿಲ್ಲ, ನಮ್ಮಂತೆ ಒಂದೇ ಜಠರ. ನಾವು ಉಂಡದ್ದನ್ನೆಲ್ಲ ಅದೂ ಅರಗಿಸಿಕೊಳ್ಳುತ್ತದೆ. ಗುಂಡಿಗೆ ಸುರಿಯುವ ಅನ್ನ ಹೀಗೆ ಒಬ್ಬರ ಜೀವನೋಪಾಯವಾಗುವುದು ನನಗಂತೂ ಸಂತೋಷದ ವಿಷಯ.

ಆದರೆ ಡ್ರಮ್ಮಿನಲ್ಲಿ ರೋಗದ ಹಂದಿಯ ಮಾಂಸದ ಒಂದು ಚೂರು ಸೇರಿದ್ದರೂ ಸಾಕು, ತಿಂದ ಹಂದಿಗೂ ರೋಗ ಅಂಟಬಹುದು. ಆಫ್ರಿಕನ್ ಹಂದಿ ಜ್ವರದ ವೈರಸ್ ಮನುಷ್ಯರಿಗೆ ತಗಲುವುದಿಲ್ಲ, ಹಾಗಾಗಿ ಉಂಡವರಿಗೆ ಸುಳಿವೇ ಸಿಗುವುದಿಲ್ಲ. ಉಪ್ಪು ಹಾಕಿ ಒಣಗಿಸಿದ ಮಾಂಸದಲ್ಲಿ ಅದು ತಿಂಗಳುಗಟ್ಟಲೆ, ಹೆಪ್ಪುಗಟ್ಟಿಸಿದ ಮಾಂಸದಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. 1957ರಲ್ಲಿ ಈ ರೋಗ ಲಿಸ್ಬನ್ ಮುಟ್ಟಿದ್ದು ವಿಮಾನಗಳಿಂದ ಇಳಿಸಿದ ಎಂಜಲಿನ ಮೂಲಕ. 2007ರಲ್ಲಿ ಜಾರ್ಜಿಯಾದ ಪೋಟಿ ಬಂದರಿಗೆ ಹಡಗಿನ ಎಂಜಲು ಅದನ್ನು ತಂದಿತೆಂದು ತಜ್ಞರು ಭಾವಿಸುತ್ತಾರೆ. 2018ರಲ್ಲಿ ಚೀನಾ, 2020ರಲ್ಲಿ ಅಸ್ಸಾಂ, 2022ರಲ್ಲಿ ನಮ್ಮ ಕೊಡಗಿನ ಪಕ್ಕದ ವಯನಾಡು.

ಇಂಥ ವೈರಸ್‌ಗಳನ್ನು ಕೊಲ್ಲಲೆಂದೇ ಬ್ರಿಟನ್ನಿನಲ್ಲಿ ಎಂಜಲನ್ನು 100 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಕಾಯಿಸಬೇಕೆಂಬ ನಿಯಮವೇ ಇತ್ತು. ನಾರ್ತಂಬರ್‌ಲ್ಯಾಂಡಿನ ಒಂದು ಹಂದಿ ಫಾರ್ಮಿನಲ್ಲಿ ಅದನ್ನು ಪಾಲಿಸಲಿಲ್ಲ. ಆ ದೇಶದಲ್ಲಿ 2001ರಲ್ಲಿ ಹಬ್ಬಿದ ಇನ್ನೊಂದು ರೋಗ, ಕಾಲುಬಾಯಿ ಜ್ವರ, ಬಹುಶಃ ಅಲ್ಲಿಂದಲೇ ಹೊರಟಿತೆಂದು ತನಿಖೆ ಹೇಳಿತು. ಅದನ್ನು ತಡೆಯಲು 60 ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಲ್ಲಬೇಕಾಯಿತು. ಅದೇ ವರ್ಷ ಆ ದೇಶ ಹಂದಿಗೆ ಎಂಜಲು ಹಾಕುವುದನ್ನೇ ನಿಷೇಧಿಸಿತು. ಅಮೆರಿಕ ಮಾಂಸ ಬೆರೆತ ಎಂಜಲನ್ನು ಅರ್ಧ ಗಂಟೆ ಕುದಿಸಬೇಕು ಎನ್ನುತ್ತದೆ. ಜಪಾನಿನದು 90 ಡಿಗ್ರಿ, ಒಂದು ಗಂಟೆ.

ಇಷ್ಟು ಹೊತ್ತು ಯಾಕೆ? ಮೇಲೆ ನೀರು ಕೊತಕೊತ ಕುದಿಯುತ್ತಿದ್ದರೂ ಗಂಟುಕಟ್ಟಿದ ಅನ್ನದ ನಡುವಿಗೆ, ಮೂಳೆಗಂಟಿದ ಮಾಂಸದೊಳಕ್ಕೆ ಬಿಸಿ ನಿಧಾನವಾಗಿ ಇಳಿಯುತ್ತದೆ. ಅದಕ್ಕೇ ಬಿಡದೆ ತಿರುವುತ್ತಿರಬೇಕು, ಹೊತ್ತನ್ನು ಕುದಿ ಬಂದ ಮೇಲೆ ಎಣಿಸಬೇಕು. ಆದರೆ ನಾನು ಹೆಚ್ಚು ಹೆದರುವುದು ಒಲೆ ಆರಿದ ಮೇಲಿನದಕ್ಕೆ. ಹಸಿ ಎಂಜಲು ತಂದ ಬಕೆಟ್ಟಿನಲ್ಲೇ ಕುದಿಸಿದ್ದನ್ನು ಮೊಗೆದರೆ ಒಂದು ಗಂಟೆಯ ಸೌದೆ ವ್ಯರ್ಥ. ಹಸಿಯದನ್ನು ಮುಟ್ಟಿದ ಕೈ, ಮೆಟ್ಟಿದ ಚಪ್ಪಲಿ, ಕಾಗೆ, ಇಲಿ, ವೈರಸ್ ಮತ್ತೆ ಸೇರಲು ಯಾವುದಾದರೂ ಸಾಕು. ಹಸಿಯದು ಇಳಿಯುವ ಜಾಗವೇ ಬೇರೆ, ಬೆಂದದ್ದು ಆರುವ ಜಾಗವೇ ಬೇರೆ ಇರಬೇಕು.

ಕುದಿಸಿದರೂ ಹೋಗದವು ಕೆಲವಿವೆ. ಬೂಷ್ಟಿನ ವಿಷ ಬೆಂಕಿಗೆ ಬಗ್ಗುವುದಿಲ್ಲ. ಉಪ್ಪಿನಕಾಯಿ, ಹಪ್ಪಳದ ಉಪ್ಪು ಜಾಸ್ತಿಯಾಗಿ ಕುಡಿಯಲು ನೀರು ಸಾಲದಿದ್ದರೆ ಹಂದಿಯ ಮಿದುಳೇ ಊದಿಕೊಳ್ಳುತ್ತದೆ. ಪ್ಲಾಸ್ಟಿಕ್, ಹಲ್ಲುಕಡ್ಡಿಗಳನ್ನು ಕೈಯಿಂದಲೇ ಆರಿಸಬೇಕು.

ಹೋಟೆಲಿನವರೇ, ಮಾಂಸ, ಮೂಳೆಗಳನ್ನು ಬೇರೆ ಡಬ್ಬಿಗೆ ಹಾಕಿ. ಸಾಕುವವರೇ, ಹಂದಿಗಳು ಒಂದರ ಹಿಂದೊಂದು ಸತ್ತರೆ ಹಳ್ಳಕ್ಕೆ ಎಸೆಯದೆ ಪಶುವೈದ್ಯರಿಗೆ ತಿಳಿಸಿ. ಹಸಿ ಎಂಜಲಿನ ಬಕೆಟ್ಟಿಗೆ ಇವತ್ತೇ ಕೆಂಪು ಬಣ್ಣ ಬಳಿಯಿರಿ.