ಡಾಕ್ಟರ್ ಬರುವ ಮುನ್ನ

ದೀಪಾವಳಿ ಮುಗಿಯುತ್ತಲೇ ಇಲ್ಲಿ ಬಿಸಿಲೇರುತ್ತದೆ. ಫ್ರೀಮ್ಯಾಂಟಲ್‌ನ ನಾವು ಮಧ್ಯಾಹ್ನ 'ಡಾಕ್ಟರ್' ಯಾವಾಗ ಬರುತ್ತಾನೋ ಎಂದು ಕಾಯುತ್ತೇವೆ. ಅದೇ, ಕಡಲ ತಂಗಾಳಿ! ಆದರೆ ಪರ್ತ್‌ನಿಂದ ಪೂರ್ವಕ್ಕೆ ಸುಮಾರು 150 ಕಿ.ಮೀ. ದೂರದ ಕಂಡರ್ಡಿನ್‌ನಲ್ಲಿ ಗ್ಲೈಡರ್ ಹಾರಿಸುವವರಿಗೆ ಆತ ಬೇಡದ ಅತಿಥಿ.

ಎಂಜಿನ್ ಇಲ್ಲದ ಈ ವಿಮಾನಕ್ಕೆ ಕಾದ ಹೊಲಗಳಿಂದ ಮೇಲೇಳುವ ಬಿಸಿಗಾಳಿಯೇ ಪೆಟ್ರೋಲು. ನಮ್ಮೂರ ಹದ್ದಿನಂತೆ ಸುತ್ತುತ್ತ ಮೇಲೇರಿ, ಮುಂದಿನ ಬಿಸಿಗಾಳಿಯತ್ತ ಜಾರಬೇಕು. 1974ರಲ್ಲಿ ವಿಶ್ವಸ್ಪರ್ಧೆ ನಡೆದ ದಕ್ಷಿಣ ಆಸ್ಟ್ರೇಲಿಯಾದ ವೈಕೆರಿಯೂ ಇಂಥದೇ ಒಣ ಬಿಸಿಲಿನ ಊರು.

ಸ್ಪರ್ಧೆಯಲ್ಲಿ ಗೊತ್ತುಪಡಿಸಿದ ಜಾಗಗಳನ್ನು ಸುತ್ತಿ ವೇಗವಾಗಿ ಮರಳಿದವರಿಗೆ ಹೆಚ್ಚು ಅಂಕ. ಆದರೆ ತಣ್ಣನೆಯ ಕಡಲಗಾಳಿ ಒಳನಾಡಿಗೆ ಹರಡಿತೆಂದರೆ ಬಿಸಿಗಾಳಿ ಏಳುವುದೇ ನಿಲ್ಲುತ್ತದೆ. ಇನ್ನಷ್ಟು ಎತ್ತರಕ್ಕೇರಲು ಹೊತ್ತು ಕಳೆಯುವುದೋ, ಇದ್ದಷ್ಟರಲ್ಲೇ ಹೊರಡುವುದೋ? ಲೆಕ್ಕ ತಪ್ಪಿದರೆ ಯಾರದೋ ಹೊಲದಲ್ಲಿಳಿದು, ಟ್ರೇಲರ್ ತರುವ ಗೆಳೆಯರಿಗೆ ಕಾಯಬೇಕು. ಅಷ್ಟರಲ್ಲಿ ನಾವಿಲ್ಲಿ ಕಿಟಕಿಗಳನ್ನು ತೆರೆದು, ಕಾಫಿಗಿಟ್ಟಿರುತ್ತೇವೆ.